ವೀಲ್ ಬೇರಿಂಗ್ ಕೈಕೊಡುವ ಮುಂಚೆ: ಅಡ್ವೆಂಚರ್ ಬೈಕ್ ಓಡಿಸುವವರಿಗೆ ಸಮಗ್ರ ಮಾರ್ಗದರ್ಶಿ

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಜುಲೈ ತಿಂಗಳು. ಮಂಜು, ಜಿಟಿಜಿಟಿ ಮಳೆ. ನಾಲ್ಕೈದು ತಿರುವು ದಾಟುವಷ್ಟರಲ್ಲಿ ಹಿಂದಿನ ಚಕ್ರದಿಂದ ರಾಗಿ ಬೀಸುವ ಕಲ್ಲಿನ ಸದ್ದು ಶುರುವಾಯಿತು. ಕ್ಲಚ್ ಹಿಡಿದು ನೋಡಿದೆ. ಸದ್ದು ಹಾಗೇ ಇತ್ತು. ನಿಧಾನಕ್ಕೆ ಉಜಿರೆ ತಲುಪಿ ಚಕ್ರ ಬಿಚ್ಚಿಸಿದರೆ, ಚಕ್ರವನ್ನು ಸಲೀಸಾಗಿ ತಿರುಗಿಸುವ ಎರಡು ಬೇರಿಂಗ್ (ಒಳಗೆ ಉಕ್ಕಿನ ಗುಂಡುಗಳಿರುವ ಜೋಡಿ ರಿಂಗ್) ನಡುವೆ ಇರಲೇಬೇಕಾದ ಡಿಸ್ಟೆನ್ಸ್ ಪೀಸ್ ಎಂಬ ಪೈಪ್ ತುಂಡು ಅಲ್ಲಿ ಇರಲೇ ಇಲ್ಲ. ವಾರದ ಹಿಂದೆ ಊರಿನ ಒಂದು ಗ್ಯಾರೇಜಿನಲ್ಲಿ ಹೊಸ ಬೇರಿಂಗ್ ಹಾಕಿಸಿದ್ದೆ. ಹಾಕುವ ಅವಸರದಲ್ಲಿ ಆ ಪೈಪ್ ತುಂಡು ಬೆಂಚಿನ ಮೇಲೇ ಉಳಿದುಬಿಟ್ಟಿತ್ತು. ಹೊಸ ಬೇರಿಂಗ್ ಒಂದೇ ವಾರದಲ್ಲಿ ಪುಡಿ.

ಆವತ್ತಿನಿಂದ ನನ್ನ ಬೈಕಿನ ವೀಲ್ ಬೇರಿಂಗ್ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ಇಷ್ಟು ವರ್ಷದಲ್ಲಿ ನಾನು ಕಂಡದ್ದು ಇಷ್ಟೇ: ಬೇರಿಂಗ್ ಸವೆದು, ವಯಸ್ಸಾಗಿ ಹೋಗುವುದು ಅಪರೂಪ. ಅದನ್ನು ನೀರು ಕೊಲ್ಲುತ್ತದೆ, ಇಲ್ಲವೇ ಸುತ್ತಿಗೆ ಕೊಲ್ಲುತ್ತದೆ. ಕೆಳಗೆ ಬರೆದಿರುವುದೆಲ್ಲ ಇವೆರಡನ್ನು ದೂರ ಇಡುವ ಉಪಾಯಗಳೇ.

ಹಬ್ ಒಳಗೆ ಏನೇನಿದೆ

ಮುಂದಿನ ಚಕ್ರದ ಹಬ್‌ನಲ್ಲಿ, ಅಂದರೆ ಚಕ್ರದ ನಡುಭಾಗದಲ್ಲಿ, ಸಾಮಾನ್ಯವಾಗಿ ಎರಡು ಬಾಲ್ ಬೇರಿಂಗ್ ಇರುತ್ತವೆ, ಎಡಕ್ಕೊಂದು ಬಲಕ್ಕೊಂದು. ಅವುಗಳ ಹೊರಗೆ ಆಯಿಲ್ ಸೀಲ್. ಸೀಲಿನ ತುಟಿ ಕೂರುವ ಜಾಗದಲ್ಲಿ ಒಂದು ಕಾಲರ್, ಅಂದರೆ ಲೋಹದ ಸಣ್ಣ ಬಳೆ. ಎರಡು ಬೇರಿಂಗ್‌ಗಳ ನಡುವೆ ಡಿಸ್ಟೆನ್ಸ್ ಪೀಸ್, ಅಂದರೆ ಸ್ಪೇಸರ್ ಪೈಪ್. ಹಿಂದಿನ ಚಕ್ರದಲ್ಲೂ ಇದೇ ಜೋಡಣೆ. ಆದರೆ ಡ್ರಮ್ ರಬ್ಬರ್ (ಚೈನಿನ ಜಗ್ಗಾಟವನ್ನು ಹೀರುವ ರಬ್ಬರ್ ತುಂಡುಗಳು) ಇರುವ ಬೈಕ್‌ಗಳಲ್ಲಿ ಸ್ಪ್ರಾಕೆಟ್ ಕೂತಿರುವ ಕ್ಯಾರಿಯರ್‌ಗೆ ಅದರದೇ ಬೇರಿಂಗ್ ಇರುತ್ತದೆ. ಜನ ಇದನ್ನೇ ಮರೆಯುವುದು. ಚೈನಿನ ಎಳೆತವೆಲ್ಲ ಬೀಳುವುದು ಅದರ ಮೇಲೆ, ಹಾಗಾಗಿ ಬಹಳ ಸಲ ಮೊದಲು ಹೋಗುವುದೂ ಅದೇ.

ಡಿಸ್ಟೆನ್ಸ್ ಪೀಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಆಕ್ಸಲ್, ಅಂದರೆ ಚಕ್ರದ ನಡುವೆ ತೂರುವ ಅಚ್ಚಿನ ನಟ್ ಬಿಗಿ ಮಾಡಿದಾಗ ಆ ಬಲ ಕಾಲರ್, ಬೇರಿಂಗಿನ ಒಳ ರಿಂಗ್, ಡಿಸ್ಟೆನ್ಸ್ ಪೀಸ್, ಇನ್ನೊಂದು ಒಳ ರಿಂಗ್, ಇನ್ನೊಂದು ಕಾಲರ್ ಹೀಗೆ ಸಾಲಾಗಿ ಹಾದುಹೋಗುತ್ತದೆ. ಎಲ್ಲವೂ ಸೇರಿ ಒಂದೇ ಗಟ್ಟಿ ಕಂಬದ ಹಾಗೆ ಆಗುತ್ತವೆ. ಗುಂಡುಗಳ ಮೇಲೆ ಅಡ್ಡ ಒತ್ತಡ ಬೀಳುವುದಿಲ್ಲ. ಆ ಪೈಪ್ ಇಲ್ಲದಿದ್ದರೆ, ಅಥವಾ ಅರ್ಧ ಮಿಲಿಮೀಟರ್ ಗಿಡ್ಡ ಇದ್ದರೆ, ನಟ್ ತಿರುಗಿಸಿದಷ್ಟೂ ಎರಡೂ ಒಳ ರಿಂಗ್‌ಗಳು ಒಂದರ ಕಡೆಗೊಂದು ಎಳೆದುಕೊಳ್ಳುತ್ತವೆ. ಗುಂಡುಗಳು ತಮ್ಮ ದಾರಿ ಬಿಟ್ಟು ಅಂಚಿನ ಮೇಲೆ ಓಡುತ್ತವೆ. ನನಗೆ ಆದದ್ದು ಇದೇ.

ಉಜಿರೆಯ ಮೆಕ್ಯಾನಿಕ್ ಅವತ್ತು ಒಂದು ಬೇರಿಂಗ್ ಕೂರಿಸಿ, ಇನ್ನೊಂದು ಬೇರಿಂಗ್ ಪೂರ್ತಿ ಕೂರುವ ಅಂಚಿನವರೆಗೆ ವರ್ನಿಯರ್ ಹಿಡಿದು ಅಳತೆ ತೆಗೆದ. ಲೇತ್ ಅಂಗಡಿಗೆ ಹೋಗಿ ಅದಕ್ಕಿಂತ ಕೂದಲೆಳೆಯಷ್ಟು ಉದ್ದದ ಪೈಪ್ ಮಾಡಿಸಿ ತಂದ. ಕೂದಲೆಳೆಯಷ್ಟು ಯಾಕೆ ಜಾಸ್ತಿ ಅಂದರೆ, ಎರಡನೇ ಬೇರಿಂಗ್ ಹಬ್‌ನ ಅಂಚಿಗೆ ತಾಗುವ ಮುಂಚೆ ಪೈಪಿಗೆ ತಾಗಿ ನಿಲ್ಲಬೇಕು. ಆ ತುಂಡು ಇವತ್ತಿಗೂ ನನ್ನ ಬೈಕಿನಲ್ಲಿದೆ.

ಅಡ್ವೆಂಚರ್ ಬೈಕಿಗೇ ಯಾಕೆ ಈ ಕಾಟ

ಭಾರ ಒಂದು ಕಾರಣ. ಬಾಲ್ ಬೇರಿಂಗ್ ಲೆಕ್ಕದಲ್ಲಿ ಭಾರ ಎರಡು ಪಟ್ಟಾದರೆ ಆಯಸ್ಸು ಎಂಟರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಚಕ್ರದ ಬೇರಿಂಗ್‌ಗೆ ಕೊಟ್ಟಿರುವ ಶಕ್ತಿ ಬೇಕಾದ್ದಕ್ಕಿಂತ ತುಂಬ ಜಾಸ್ತಿ. ವೇಗವೂ ದೊಡ್ಡ ವಿಷಯ ಅಲ್ಲ. 21 ಇಂಚಿನ ಮುಂದಿನ ಚಕ್ರ ಗಂಟೆಗೆ 100 ಕಿ.ಮೀ. ವೇಗದಲ್ಲೂ ನಿಮಿಷಕ್ಕೆ 800 ಸುತ್ತು ಮುಟ್ಟುವುದಿಲ್ಲ. ಬೇರಿಂಗಿಗೆ ಅದು ವಾಕಿಂಗ್ ಇದ್ದ ಹಾಗೆ.

ನಿಜವಾದ ಶತ್ರು ನೀರು. ಘಾಟಿ ಇಳಿಯುವಾಗ ಬ್ರೇಕ್ ಹಿಡಿದು ಹಿಡಿದು ಡಿಸ್ಕ್ ಕಾಯುತ್ತದೆ, ಜೊತೆಗೆ ಹಬ್ ಕೂಡ ಬಿಸಿಯಾಗುತ್ತದೆ. ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ. ಅದೇ ಬಿಸಿಯಲ್ಲಿ ಹಳ್ಳಕ್ಕೆ ಇಳಿದರೆ ಹಬ್ ಥಟ್ಟನೆ ತಣ್ಣಗಾಗುತ್ತದೆ. ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಜೊತೆಗೆ ಕೆಸರು, ಸಣ್ಣ ಮರಳು. ಮನೆಗೆ ಬಂದು ಬೈಕ್ ನಿಲ್ಲಿಸಿ ಹತ್ತು ದಿನ ಮುಟ್ಟದಿದ್ದರೆ ಆ ನೀರು ಬೇರಿಂಗಿನ ತಳದಲ್ಲಿ ನಿಂತು, ಗುಂಡು ತಾಗುವ ಜಾಗದಲ್ಲಿ ತುಕ್ಕಿನ ಚುಕ್ಕೆ ಮಾಡುತ್ತದೆ. ಆಮೇಲೆ ಓಡಿಸುವ ಪ್ರತಿ ಕಿಲೋಮೀಟರೂ ಆ ಚುಕ್ಕೆಯನ್ನು ಗುಂಡಿ ಮಾಡುತ್ತದೆ.

ಹಿಮಾಚಲದ ಸ್ಪಿತಿ ಕಡೆ ಗ್ರಾಂಫೂನಿಂದ ಬಾತಲ್‌ಗೆ ಹೋಗುವ ದಾರಿಯಲ್ಲಿ ಹಿಮ ಕರಗಿದ ನೀರು ರಸ್ತೆಯ ಮೇಲೇ ಹರಿಯುತ್ತದೆ. ಬಿಸಿಲೇರಿದಂತೆ ನೀರೂ ಏರುತ್ತದೆ. ಬೆಳಗ್ಗೆ ಬೇಗ ದಾಟಿ ಅಂತ ಎಲ್ಲರೂ ಹೇಳುವುದು ಅದಕ್ಕೇ. ಬೇರಿಂಗಿಗೂ ಅದೇ ಒಳ್ಳೆಯದು. ಬೆಳಗ್ಗೆ ನೀರು ಕಮ್ಮಿ, ಹಬ್ ಕೂಡ ತಣ್ಣಗಿರುತ್ತದೆ. 90/90-21 ಟೈರಿನ ಚಕ್ರದ ಆಕ್ಸಲ್ ನೆಲದಿಂದ ಸುಮಾರು 34 ಸೆಂಟಿಮೀಟರ್ ಎತ್ತರದಲ್ಲಿದೆ. ನಡೆದು ನೋಡಿದಾಗ ನೀರು ಮೀನಖಂಡ ದಾಟಿದರೆ ಬೇರಿಂಗಿಗೆ ಸ್ನಾನ ಗ್ಯಾರಂಟಿ.

ಇನ್ನೊಂದು ಮಾತು. ಹಳ್ಳಕ್ಕಿಂತ ಜಾಸ್ತಿ ಬೇರಿಂಗ್ ಹಾಳು ಮಾಡುವುದು ನಮ್ಮ ರಸ್ತೆ ಬದಿಯ ವಾಟರ್ ಸರ್ವಿಸ್ ಅಂತ ನನ್ನ ಅಂದಾಜು. ಹಳ್ಳದ ನೀರು ಸುಮ್ನೆ ಹರಿದು ಹೋಗುತ್ತದೆ. ಜೆಟ್ ಹಿಡಿದ ಹುಡುಗ ಮಾತ್ರ ಕೆಸರು ಕಂಡಲ್ಲೆಲ್ಲ ಗುರಿ ಇಡುತ್ತಾನೆ. ಕೆಸರು ಕೂತಿರುವುದು ಸೀಲಿನ ಮೇಲೇ.

ಹಂತ 1: ಮನೆಯಲ್ಲೇ ಪರೀಕ್ಷೆ, ಹತ್ತು ನಿಮಿಷ

ಸೆಂಟರ್ ಸ್ಟ್ಯಾಂಡ್ ಹಾಕಿ, ಇಲ್ಲದಿದ್ದರೆ ಪ್ಯಾಡಾಕ್ ಸ್ಟ್ಯಾಂಡ್. ಚಕ್ರ ನೆಲ ಬಿಟ್ಟಿರಬೇಕು. ಟೈರನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಒಂದು ಕೈಯಿಂದ ತಳ್ಳಿ, ಇನ್ನೊಂದರಿಂದ ಎಳೆಯಿರಿ. ಆಮೇಲೆ 3 ಮತ್ತು 9ರಲ್ಲಿ ಹಾಗೇ ಮಾಡಿ. ಎರಡೂ ಕಡೆ 'ಟಕ್' ಅಂತ ಆಟ ಸಿಕ್ಕರೆ ಬೇರಿಂಗ್ ಹೋಗಿದೆ.

ಇಲ್ಲಿ ಒಂದು ಗೊಂದಲ ಆಗುತ್ತದೆ. ಮುಂದಿನ ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಎಳೆದಾಗ ಮಾತ್ರ ಆಟ ಇದ್ದರೆ ಅದು ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್. ಹಿಂದಿನ ಚಕ್ರ ಅಲ್ಲಾಡಿಸಿದಾಗ ಅದನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಕೂಡ ಜೊತೆಗೇ ಅಲ್ಲಾಡಿದರೆ ಸ್ವಿಂಗ್ ಆರ್ಮ್ ಬುಷ್. ಚಕ್ರ ಮಾತ್ರ ಅಲ್ಲಾಡಬೇಕು, ಆಗ ಬೇರಿಂಗ್. ಒಬ್ಬರು ಟೈರ್ ಅಲ್ಲಾಡಿಸಲಿ, ಇನ್ನೊಬ್ಬರು ಆಕ್ಸಲ್ ತುದಿ ಮತ್ತು ಹಬ್ ಸೇರುವ ಜಾಗದ ಮೇಲೆ ಬೆರಳಿಡಲಿ. ತಕ್ಷಣ ಗೊತ್ತಾಗುತ್ತದೆ.

ಈಗ ಚಕ್ರ ಜೋರಾಗಿ ತಿರುಗಿಸಿ, ಫೋರ್ಕ್ ಅಥವಾ ಸ್ವಿಂಗ್ ಆರ್ಮ್ ಮೇಲೆ ಅಂಗೈ ಇಡಿ. ಒಳ್ಳೆಯ ಬೇರಿಂಗ್ ಆದರೆ ಏನೂ ಗೊತ್ತಾಗುವುದಿಲ್ಲ. ಕೆಟ್ಟದ್ದಾದರೆ ಸಣ್ಣ ನಡುಕ ಕೈಗೆ ಬರುತ್ತದೆ. ಡಿಸ್ಕ್ ಪ್ಯಾಡ್ ಉಜ್ಜುವ ಸದ್ದನ್ನು ಬೇರಿಂಗ್ ಸದ್ದು ಅಂದುಕೊಳ್ಳಬೇಡಿ.

ಓಡಿಸುವಾಗ ಸಿಗುವ ಸೂಚನೆಗಳೂ ಇವೆ. ಸದ್ದು ಎಂಜಿನ್ ಜೊತೆ ಅಲ್ಲ, ವೇಗದ ಜೊತೆ ಏರಿಳಿಯುತ್ತದೆ. ಬ್ರೇಕ್ ಲಿವರ್ ಮೊದಲ ಸಲ ಒತ್ತಿದಾಗ ಆಳಕ್ಕೆ ಹೋಗಿ, ಎರಡನೇ ಸಲಕ್ಕೆ ಸರಿಯಾಗುತ್ತದೆ. ಡಿಸ್ಕ್ ಅಲ್ಲಾಡಿ ಪ್ಯಾಡ್‌ಗಳನ್ನು ಹಿಂದೆ ತಳ್ಳುವುದರಿಂದ ಹೀಗಾಗುತ್ತದೆ. ಎಬಿಎಸ್ ದೀಪ ಸುಮ್ಮಸುಮ್ಮನೆ ಹತ್ತಿದರೆ ಸೆನ್ಸರ್ ಬದಲಿಸುವ ಮುಂಚೆ ಬೇರಿಂಗ್ ನೋಡಿ. ಸೀಲಿನ ಸುತ್ತ ಕೆಂಪು ಕಂದು ಬಣ್ಣದ ಗ್ರೀಸ್ ಒಸರುತ್ತಿದ್ದರೆ ಅದು ಗ್ರೀಸ್ ಅಲ್ಲ, ತುಕ್ಕಿನ ಸಾರು.

ಇಷ್ಟಾದರೂ ಅನುಮಾನ ಉಳಿದರೆ ಆಕ್ಸಲ್ ಎಳೆದು, ಬೇರಿಂಗಿನ ಒಳ ರಿಂಗಿಗೆ ಬೆರಳು ತೂರಿಸಿ ತಿರುಗಿಸಿ. ಇದಕ್ಕಿಂತ ನಂಬಿಕಸ್ತ ಪರೀಕ್ಷೆ ಇಲ್ಲ. ಬೆಣ್ಣೆಯಲ್ಲಿ ಬೆರಳು ಆಡಿಸಿದ ಹಾಗೆ ಇರಬೇಕು. ಮರಳು ಸಿಕ್ಕ ಹಾಗೆ, ಅಥವಾ ಮೆಟ್ಟಿಲು ಮೆಟ್ಟಿಲಾಗಿ ತಿರುಗಿದರೆ ಬದಲಿಸಿ. 'ಇನ್ನೂ ಸಾವಿರ ಕಿ.ಮೀ. ಓಡುತ್ತೆ' ಅನ್ನುವವರ ಮಾತು ಕೇಳಬೇಡಿ. ಪೂರ್ತಿ ಒಡೆದರೆ ಹೊರ ರಿಂಗ್ ಹಬ್ ಒಳಗೆ ತಿರುಗಲು ಶುರು ಮಾಡುತ್ತದೆ. ಆಗ ಕೆಲವು ನೂರು ರೂಪಾಯಿಯ ಬೇರಿಂಗ್ ಬದಲು ಹಬ್ಬನ್ನೇ ಬದಲಿಸಬೇಕಾಗುತ್ತದೆ.

ಹಂತ 2: ಸರಿಯಾದ ಬೇರಿಂಗ್ ಕೊಳ್ಳುವುದು

ಬೇರಿಂಗಿನ ಮೇಲೆ ನಂಬರ್ ಕೊರೆದಿರುತ್ತದೆ. 6203 ಅಂದರೆ ಒಳ ವ್ಯಾಸ 17 ಮಿ.ಮೀ., ಹೊರ ವ್ಯಾಸ 40, ದಪ್ಪ 12. 6204 ಆದರೆ 20, 47, 14. ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಐದರಿಂದ ಗುಣಿಸಿ, ಒಳ ವ್ಯಾಸ ಸಿಗುತ್ತದೆ. 6303 ಅಂದರೂ ಒಳ ವ್ಯಾಸ 17, ಆದರೆ ಹೊರಗೆ 47. ಹಾಗಾಗಿ ಒಂದು ಅಂಕಿ ತಪ್ಪಿದರೂ ಅಂಗಡಿಗೆ ಇನ್ನೊಂದು ಸುತ್ತು. ಎಡದ್ದು ಬಲದ್ದು ಬೇರೆ ಬೇರೆ ನಂಬರ್ ಇರಬಹುದು, ಎರಡನ್ನೂ ಓದಿ.

ನಂಬರ್ ಆದಮೇಲೆ ಬರುವ ಅಕ್ಷರ ಇನ್ನೂ ಮುಖ್ಯ. '2ಆರ್‌ಎಸ್' ಅಂದರೆ ಎರಡೂ ಕಡೆ ರಬ್ಬರ್ ಸೀಲ್. ಎನ್‌ಎಸ್‌ಕೆಯಲ್ಲಿ ಇದೇ 'ಡಿಡಿಯು', ಎನ್‌ಟಿಎನ್‌ನಲ್ಲಿ 'ಎಲ್‌ಎಲ್‌ಯು'. 'ಝಡ್‌ಝಡ್' ಅಥವಾ '2ಝಡ್' ಅಂದರೆ ತಗಡಿನ ಮುಚ್ಚಳ. ಅದು ಧೂಳನ್ನು ಸ್ವಲ್ಪ ತಡೆಯುತ್ತದೆ, ನೀರನ್ನು ತಡೆಯುವುದೇ ಇಲ್ಲ. ಕೌಂಟರ್‌ನಲ್ಲಿ 'ಎರಡೂ ಒಂದೇ ಸಾರ್' ಅಂದರೆ ನಂಬಬೇಡಿ. 'ಸಿ3' ಅಂತ ಇದ್ದರೆ ಒಳಗಿನ ಸಡಿಲ ಸ್ವಲ್ಪ ಜಾಸ್ತಿ ಎಂದರ್ಥ. ನಿಮ್ಮ ಹಳೆಯದರಲ್ಲಿ ಇದ್ದರೆ ಹೊಸದರಲ್ಲೂ ಇರಲಿ.

ಬೆಂಗಳೂರಿನವರಿಗೆ ಎಸ್‌ಜೆಪಿ ರಸ್ತೆ, ಜೆ.ಸಿ. ರಸ್ತೆ ಇದ್ದೇ ಇವೆ. ಹಳೆಯ ಬೇರಿಂಗ್ ಒರೆಸಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಎಸ್‌ಕೆಎಫ್, ಎಫ್‌ಎಜಿ, ಎನ್‌ಬಿಸಿ, ಎನ್‌ಟಿಎನ್ ಯಾವುದಾದರೂ ಸರಿ. ಜೈಪುರದ ಎನ್‌ಬಿಸಿಯನ್ನು ನಾನು ಸಂಕೋಚವಿಲ್ಲದೆ ಹಾಕುತ್ತೇನೆ. ಹೆಸರಿಗಿಂತ ಅಸಲಿಯೋ ನಕಲಿಯೋ ಅನ್ನುವುದು ದೊಡ್ಡ ಪ್ರಶ್ನೆ. ಅರ್ಧ ಬೆಲೆಗೆ ಸಿಕ್ಕರೆ, ಕೊರೆದ ಅಕ್ಷರ ಮಸುಕಾಗಿದ್ದರೆ, ಡಬ್ಬಿಯ ಮುದ್ರಣ ಹರಡಿಕೊಂಡಿದ್ದರೆ ವಾಪಸ್ ಕೊಟ್ಟು ಬನ್ನಿ. ಆಯಿಲ್ ಸೀಲ್ ಹೊಸದೇ ತನ್ನಿ, ಹಳೆಯದನ್ನು ಮತ್ತೆ ಹಾಕುವುದು ಬೇಡ. ಕಾಲರ್ ಮೇಲೆ ಸೀಲ್ ಉಜ್ಜಿ ಗೆರೆ ಬಿದ್ದಿದ್ದು ಉಗುರಿಗೆ ಸಿಕ್ಕುವಂತಿದ್ದರೆ ಅದನ್ನೂ ಬದಲಿಸಿ. ಗೆರೆ ಬಿದ್ದ ಕಾಲರ್ ಮೇಲೆ ಹೊಸ ಸೀಲ್ ನಿಂತರೂ ನೀರು ನಿಲ್ಲುವುದಿಲ್ಲ.

ಹಂತ 3: ಹಳೆಯದನ್ನು ತೆಗೆಯುವುದು

ಚಕ್ರ ಬಿಚ್ಚುವ ಮುಂಚೆ ಫೋನಿನಲ್ಲಿ ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ. ಯಾವ ಕಾಲರ್ ಎಡಕ್ಕೆ, ಯಾವುದು ಬಲಕ್ಕೆ ಅಂತ ಸಂಜೆಗೆ ನೆನಪಿರುವುದಿಲ್ಲ. ಡಿಸ್ಕ್ ಕೆಳಗೆ ಬರುವಂತೆ ಚಕ್ರವನ್ನು ನೆಲದ ಮೇಲೆ ಮಲಗಿಸಬೇಡಿ, ಡಿಸ್ಕ್ ಬಾಗುತ್ತದೆ. ಎರಡು ಮರದ ತುಂಡಿನ ಮೇಲೆ ಟೈರ್ ಕೂರಿಸಿ.

ಸೀಲನ್ನು ದೊಡ್ಡ ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿ. ಒಳಗೆ ಬೇರಿಂಗ್ ಹೊರಬರದಂತೆ ತಡೆಯುವ ಲಾಕ್ ರಿಂಗ್ ಇದೆಯಾ ನೋಡಿ. ಇದ್ದರೆ ಮೊದಲು ಅದನ್ನು ತೆಗೆಯಿರಿ. ಇದನ್ನು ನೋಡದೆ ಸುತ್ತಿಗೆ ಬೀಸಿ ಹಬ್ ಸೀಳಿಸಿಕೊಂಡವರು ಇದ್ದಾರೆ.

ಹೀಟ್ ಗನ್‌ನಿಂದ ಹಬ್ ಬಿಸಿ ಮಾಡಿ. ಆಮೇಲೆ ಎದುರು ಬದಿಯಿಂದ ಉದ್ದನೆಯ ಕಬ್ಬಿಣದ ಸರಳು ತೂರಿಸಿ, ಡಿಸ್ಟೆನ್ಸ್ ಪೀಸನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ. ಬೇರಿಂಗಿನ ಒಳ ರಿಂಗಿನ ಅಂಚು ಕಾಣುತ್ತದೆ. ಅಲ್ಲಿ ಸರಳು ಇಟ್ಟು ಒಂದು ಏಟು, ಎದುರು ಕಡೆ ಒಂದು ಏಟು, ಹೀಗೆ ಸುತ್ತುತ್ತಾ ಹೊಡೆಯಿರಿ. ಪೈಪ್ ಸರಿಯದಿದ್ದರೆ ಗೋಡೆಗೆ ಹೊಡೆಯುವ ಆಂಕರ್ ಬೋಲ್ಟ್ ಬಳಸಿ. ಒಳ ರಿಂಗಿನೊಳಗೆ ಅದನ್ನು ಬಿಗಿ ಮಾಡಿ ಎದುರಿನಿಂದ ತಟ್ಟಿದರೆ ಬೇರಿಂಗ್ ಜೊತೆಗೇ ಬರುತ್ತದೆ.

ಗುಂಡುಗಳೆಲ್ಲ ಉದುರಿ ಹೊರ ರಿಂಗ್ ಮಾತ್ರ ಹಬ್‌ನಲ್ಲಿ ಉಳಿದಿದ್ದರೆ ಹೊಡೆಯಲು ಹಿಡಿತ ಇರುವುದಿಲ್ಲ. ವೆಲ್ಡಿಂಗ್ ಅಂಗಡಿಗೆ ಹೋಗಿ ಆ ರಿಂಗಿನ ಒಳಮೈಗೆ ಒಂದು ಸುತ್ತು ವೆಲ್ಡಿಂಗ್ ಎಳೆಸಿ. ಬ್ಯಾಟರಿ ಕನೆಕ್ಷನ್‌ನ ಚಿಂತೆ ಇಲ್ಲ, ಚಕ್ರ ಬೈಕಿನಲ್ಲಿ ಇಲ್ಲವಲ್ಲ. ತಣ್ಣಗಾಗುತ್ತಾ ರಿಂಗ್ ಕುಗ್ಗಿ ಸಡಿಲವಾಗುತ್ತದೆ, ಬಹಳ ಸಲ ಕೈಯಲ್ಲೇ ಬರುತ್ತದೆ. ನೋಡಲು ಮಜಾ ಇರುತ್ತದೆ.

ಈಗ ಡಿಸ್ಟೆನ್ಸ್ ಪೀಸನ್ನು ಕೈಯಲ್ಲಿ ಹಿಡಿದು ನೋಡಿ. ತುದಿಗಳು ಏಟು ತಿಂದು ಅಣಬೆಯ ತಲೆಯಂತೆ ಅಗಲವಾಗಿವೆಯಾ? ಹಾಗಿದ್ದರೆ ಉದ್ದ ಕಮ್ಮಿಯಾಗಿದೆ ಅಂತಲೇ ಲೆಕ್ಕ. ಹೊಸದು ತರಿಸಿ.

ಹಂತ 4: ಹೊಸದನ್ನು ಕೂರಿಸುವುದು

ಸುತ್ತಿಗೆಯ ಅಪರಾಧ ನಡೆಯುವುದು ಇಲ್ಲಿ. ಹೊಸ ಬೇರಿಂಗಿನ ಒಳ ರಿಂಗಿಗೆ ಹೊಡೆದರೆ ಆ ಏಟು ಗುಂಡುಗಳ ಮೂಲಕ ಹೊರ ರಿಂಗಿಗೆ ಹೋಗುತ್ತದೆ. ಓಡುವ ದಾರಿಯಲ್ಲಿ ಕಣ್ಣಿಗೆ ಕಾಣದ ಗುಳಿಗಳು ಬೀಳುತ್ತವೆ. ಬೇರಿಂಗ್ ಹೊಸದು, ಆದರೆ ಆಗಲೇ ಗಾಯಾಳು. ಹಬ್‌ಗೆ ಕೂರಿಸುವಾಗ ಬಲ ಬೀಳಬೇಕಾದ್ದು ಹೊರ ರಿಂಗಿನ ಮೇಲೆ ಮಾತ್ರ.

ಬೇರಿಂಗನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಹಿಂದಿನ ರಾತ್ರಿಯೇ ಫ್ರೀಜರ್‌ನಲ್ಲಿಡಿ. ಹಬ್ಬನ್ನು ಹೀಟ್ ಗನ್‌ನಿಂದ ಸುಮಾರು 100 ಡಿಗ್ರಿಗೆ ಬಿಸಿ ಮಾಡಿ. ಒಂದು ಹನಿ ನೀರು ಬಿಟ್ಟರೆ ಚುರ್ ಅನ್ನಬೇಕು, ಅಷ್ಟು ಸಾಕು. ಬೆಂಕಿಯ ಜ್ವಾಲೆ ಹಿಡಿಯಬೇಡಿ. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತದೆ. 42 ಮಿ.ಮೀ. ಕುಳಿಯ ಬಿಸಿಯನ್ನು ಇದ್ದದ್ದಕ್ಕಿಂತ 80 ಡಿಗ್ರಿ ಏರಿಸಿದರೆ ಕುಳಿ ಸುಮಾರು 0.08 ಮಿ.ಮೀ. ಅಗಲವಾಗುತ್ತದೆ. ಫ್ರೀಜರ್‌ನಲ್ಲಿ ಬೇರಿಂಗ್ ಇನ್ನೊಂದು 0.02 ಕುಗ್ಗಿರುತ್ತದೆ. ಕೇಳಲು ಸಣ್ಣ ಅಳತೆ, ಆದರೆ ಸುತ್ತಿಗೆಯ ಅಗತ್ಯವನ್ನೇ ತೆಗೆದುಹಾಕುತ್ತದೆ. ನೆಟ್ಟಗೆ ಇಟ್ಟರೆ ಬೇರಿಂಗ್ 'ಟಪ್' ಅಂತ ತಾನೇ ಇಳಿಯುತ್ತದೆ. ನಮ್ಮ ಮನೆಯಲ್ಲಿ ಐಸ್ ಟ್ರೇ ಪಕ್ಕ ಬೇರಿಂಗ್ ಕಂಡು ಅಮ್ಮ ಏನೆಂದರು ಅನ್ನುವುದು ಬೇರೆ ಕಥೆ.

ಮೊದಲು ಯಾವ ಬದಿ? ಸರ್ವಿಸ್ ಮ್ಯಾನುವಲ್ ಹೇಳಿದ್ದೇ ಸರಿ. ಲಾಕ್ ರಿಂಗ್ ಇದ್ದರೆ ಸಾಮಾನ್ಯವಾಗಿ ಆ ಬದಿ ಮೊದಲು. ಈ ಮೊದಲ ಬೇರಿಂಗ್ ಹಬ್‌ನ ಅಂಚಿಗೆ ಪೂರ್ತಿ ತಾಗುವವರೆಗೆ ಇಳಿಯಬೇಕು. ನಡುವೆ ಸಿಕ್ಕಿಕೊಂಡರೆ ಹೊರ ರಿಂಗಿನ ಅಳತೆಗೆ ಸರಿಯಾದ ಸಾಕೆಟ್ ಇಟ್ಟು ತಟ್ಟಿ. ಹಳೆಯ ಬೇರಿಂಗಿನ ಹೊರ ರಿಂಗನ್ನು ಗ್ರೈಂಡರ್‌ನಲ್ಲಿ ಸ್ವಲ್ಪ ಉಜ್ಜಿ ಸಣ್ಣ ಮಾಡಿ ಇಟ್ಟುಕೊಂಡರೆ ಅದೇ ಒಳ್ಳೆಯ ಟೂಲ್.

ಈಗ ಡಿಸ್ಟೆನ್ಸ್ ಪೀಸ್ ಹಾಕಿ. ಹಾಕಿದ್ದೀರಿ ತಾನೇ? ಇನ್ನೊಂದು ಸಲ ನೋಡಿ. ನಾನು ಈಗ ಅದನ್ನು ಹಿಂದಿನ ರಾತ್ರಿ ಬೇರಿಂಗ್ ಜೊತೆಗೇ ಫ್ರೀಜರ್‌ನಲ್ಲಿ ಇಡುತ್ತೇನೆ. ತಣ್ಣಗಾಗಲಿ ಅಂತ ಅಲ್ಲ, ಮರೆಯದಿರಲಿ ಅಂತ.

ಎರಡನೇ ಬೇರಿಂಗ್ ವಿಷಯದಲ್ಲಿ ಎಚ್ಚರ. ಅದು ಹಬ್‌ನ ಅಂಚಿಗೆ ತಾಗುವವರೆಗೆ ಹೋಗಬಾರದು. ಅದರ ಒಳ ರಿಂಗ್ ಪೈಪಿಗೆ ತಾಗಿದ ಕೂಡಲೇ ನಿಲ್ಲಿಸಿ. ಅದಾದಮೇಲೂ ತಟ್ಟಿದರೆ ಹೊರ ರಿಂಗ್ ಮಾತ್ರ ಮುಂದೆ ಹೋಗಿ ಗುಂಡುಗಳಿಗೆ ಅಡ್ಡ ಒತ್ತಡ ಬೀಳುತ್ತದೆ. ಸರಿಯಾಗಿದೆಯಾ ಅಂತ ತಿಳಿಯಲು ಆಕ್ಸಲ್ ತೂತಿನಿಂದ ಬೆರಳು ಹಾಕಿ ಪೈಪನ್ನು ಪಕ್ಕಕ್ಕೆ ತಳ್ಳಿ. ಸ್ವಲ್ಪ ಬಲ ಹಾಕಿದಾಗ ಸರಿಯಬೇಕು. ಗಲಗಲ ಅಂದರೆ ಬೇರಿಂಗ್ ಇನ್ನೂ ಇಳಿಯಬೇಕು. ಒಂದಿಷ್ಟೂ ಕದಲದಿದ್ದರೆ ಜಾಸ್ತಿ ಇಳಿದಿದೆ. ಆಗ ಎದುರು ಬದಿಯಿಂದ ಪೈಪ್ ಮೂಲಕ ಒಂದು ಮೆಲು ಏಟು ಕೊಟ್ಟರೆ ಸರಿಹೋಗುತ್ತದೆ.

ಬಿಸಿ ಮಾಡದೆಯೇ ಬೇರಿಂಗ್ ಕೈಯಲ್ಲೇ ಇಳಿದುಹೋದರೆ ಖುಷಿಪಡಬೇಡಿ, ಹಬ್ ಸವೆದಿದೆ. ಕುಳಿಯ ಸುತ್ತ ಪಂಚ್‌ನಿಂದ ಚುಕ್ಕೆ ಹೊಡೆದು ಬಿಗಿ ಮಾಡುವ ಅಭ್ಯಾಸ ನಮ್ಮಲ್ಲಿದೆ. ಆ ಚುಕ್ಕೆಗಳು ಕೆಲವೇ ದಿನದಲ್ಲಿ ಮಟ್ಟವಾಗುತ್ತವೆ. ಸಡಿಲ ತೀರ ಸಣ್ಣದಿದ್ದರೆ ಲೋಕ್‌ಟೈಟ್ 641ರಂಥ ಬೇರಿಂಗ್ ಅಂಟು ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಲೇತ್‌ನಲ್ಲಿ ಸ್ಲೀವ್ ಹಾಕಿಸಬೇಕು, ಇಲ್ಲವೇ ಹೊಸ ಹಬ್.

ಹಂತ 5: ಮುಚ್ಚುವುದು

ಸೀಲಿನ ತುಟಿಗೆ ಗ್ರೀಸ್ ಹಚ್ಚಿ, ಸೀಲ್ ಮತ್ತು ಬೇರಿಂಗ್ ನಡುವಿನ ಸಂದಿಯಲ್ಲೂ ತುಂಬಿ. ನೀರಿಗೆ ಇದು ಇನ್ನೊಂದು ಗೋಡೆ. ಎಪಿ-3 ಗ್ರೀಸ್ ಸಾಕು. ನೀರಲ್ಲೇ ಜಾಸ್ತಿ ಓಡಾಡುವವರು ದೋಣಿಗಳಿಗೆ ಬಳಸುವ ಮರೀನ್ ಗ್ರೀಸ್ ತರಿಸಿಕೊಳ್ಳಿ. ಬೇರೆ ಬೇರೆ ಜಾತಿಯ ಗ್ರೀಸ್ ಬೆರೆಸಬೇಡಿ, ಕೆಲವು ಸೇರಿದರೆ ನೀರಾಗುತ್ತವೆ. ಆಕ್ಸಲ್‌ಗೂ ತೆಳ್ಳಗೆ ಹಚ್ಚಿ.

ಆಕ್ಸಲ್ ನಟ್ಟನ್ನು ಟಾರ್ಕ್ ರೆಂಚ್‌ನಲ್ಲೇ ಬಿಗಿ ಮಾಡಿ, ಅಂಕಿ ನಿಮ್ಮ ಬೈಕಿನ ಮ್ಯಾನುವಲ್‌ನಲ್ಲಿದೆ. ಮುಂದಿನ ಚಕ್ರಕ್ಕೆ ಪಿಂಚ್ ಬೋಲ್ಟ್ (ಫೋರ್ಕಿನ ತಳದಲ್ಲಿ ಆಕ್ಸಲನ್ನು ಕಚ್ಚಿ ಹಿಡಿಯುವ ಬೋಲ್ಟ್) ಇದ್ದರೆ, ಅದನ್ನು ಬಿಗಿ ಮಾಡುವ ಮುಂಚೆ ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ನಾಲ್ಕೈದು ಸಲ ಒತ್ತಿ ಬಿಡಿ, ಫೋರ್ಕಿನ ಕಾಲುಗಳು ತಮ್ಮ ಜಾಗಕ್ಕೆ ಬರುತ್ತವೆ. ನಟ್ ಬಿಗಿಯಾದ ಮೇಲೆ ಚಕ್ರ ತಿರುಗಿಸಿ. ಬಿಗಿ ಮಾಡುವ ಮುಂಚೆ ಸಲೀಸಾಗಿದ್ದು ಈಗ ಗಟ್ಟಿಯಾದರೆ ಪೈಪಿನ ಉದ್ದದಲ್ಲೇ ತಪ್ಪಿದೆ. ಬಿಚ್ಚಿ. ಬೇಜಾರಾಗುತ್ತದೆ, ಆದರೂ ಬಿಚ್ಚಿ. ಬೈಕ್ ಹತ್ತಿ ಹೊರಡುವ ಮುಂಚೆ ಬ್ರೇಕ್ ಲಿವರ್ ಗಟ್ಟಿಯಾಗುವವರೆಗೆ ಒತ್ತುವುದನ್ನು ಮರೆಯಬೇಡಿ.

ಚೈನ್ ವಿಷಯ ಒಂದೇ ಮಾತಿನಲ್ಲಿ: ಎತ್ತರದ ಸಸ್ಪೆನ್ಶನ್ ಇರುವ ಬೈಕಿನಲ್ಲಿ ಚೈನ್ ಅತ್ಯಂತ ಬಿಗಿಯಾಗುವುದು ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ಕೀಲು, ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ. ಖಾಲಿ ಬೈಕಿನಲ್ಲಿ ಬಿಗಿಯಾಗಿ ಇಟ್ಟು, ಆಮೇಲೆ ಲಗೇಜು, ಹಿಂದೆ ಒಬ್ಬರು ಕೂತರೆ ಕ್ಯಾರಿಯರ್ ಬೇರಿಂಗ್ ಸಾಯುತ್ತದೆ.

ದೂರದ ದಾರಿಗೆ ಹೊರಡುವಾಗ

ಲಡಾಖ್, ಸ್ಪಿತಿಯಂಥ ಕಡೆ ಹೋಗುವುದಾದರೆ ಒಂದು ಸೆಟ್ ಬೇರಿಂಗ್, ಸೀಲ್ ಜೊತೆಗಿರಲಿ. ಮುಷ್ಟಿಯಷ್ಟೇ ಜಾಗ. ನಿಮ್ಮ ಬೈಕಿನ ನಂಬರ್ ಅಲ್ಲಿನ ಅಂಗಡಿಯಲ್ಲಿ ಇದ್ದರೂ ಇರಬಹುದು, ಇಲ್ಲದಿದ್ದರೆ ನಾಲ್ಕು ದಿನ ಟೀ ಕುಡಿಯುತ್ತಾ ಕೂರಬೇಕು. ಹಳೆಯ ಬೇರಿಂಗ್ ಇರುವ ಬೈಕ್ ಆದರೆ ಹೊರಡುವ ಮುಂಚೆಯೇ ಬದಲಿಸಿ, ಚೆನ್ನಾಗಿರುವ ಹಳೆಯದನ್ನೇ ಸ್ಪೇರ್ ಆಗಿ ಒಯ್ಯಬಹುದು ಅಂತ ಕೆಲವರು ಹೇಳುತ್ತಾರೆ. ನನಗೆ ಒಪ್ಪಿಗೆ ಇಲ್ಲ. ತೆಗೆಯುವಾಗ ಒಳ ರಿಂಗಿಗೆ ಏಟು ಬಿದ್ದಿರುತ್ತದಲ್ವಾ.

ದಾರಿಯಲ್ಲಿ ಹೋದರೆ ಹೀಟ್ ಗನ್ ಎಲ್ಲಿಂದ ತರುವುದು? ಢಾಬಾದ ಕುದಿಯುವ ನೀರನ್ನು ಹಬ್‌ನ ಹೊರಮೈ ಮೇಲೆ ಸುರಿದರೂ ಸಾಕಷ್ಟು ಹಿಗ್ಗುತ್ತದೆ. ಬೇರಿಂಗ್ ಕೂರುವ ಕುಳಿಯೊಳಗೆ ನೀರು ಇಳಿದರೆ ಒರೆಸಿ ಒಣಗಿಸಿ. ಬೇರಿಂಗನ್ನು ತಣ್ಣಗೆ ಮಾಡಲು ಆ ಕಡೆ ಹೊಳೆಗಳಿಗೇನೂ ಬರ ಇಲ್ಲ, ಆದರೆ ಪ್ಲಾಸ್ಟಿಕ್ ಕವರ್‌ನಲ್ಲಿ ಬಿಗಿಯಾಗಿ ಕಟ್ಟಿ ಮುಳುಗಿಸಿ.

ನೀರಾಟ ಮುಗಿಸಿ ವಾಪಸ್ ಬಂದ ವಾರದೊಳಗೆ ಎರಡೂ ಆಕ್ಸಲ್ ಎಳೆದು ಬೆರಳಿನ ಪರೀಕ್ಷೆ ಮಾಡಿ. ಸೀಲ್ ಒರೆಸಿ ಹೊಸ ಗ್ರೀಸ್ ಇಡಿ. ಕಡಲ ಮರಳಿನಲ್ಲಿ ಓಡಿಸಿದ್ದರೆ ಅವತ್ತೇ ಬಕೆಟ್‌ನಲ್ಲಿ ಸಿಹಿ ನೀರು ಹಾಕಿ ತೊಳೆಯಿರಿ. ವಾಟರ್ ಸರ್ವಿಸ್‌ಗೆ ಕೊಡಲೇಬೇಕಾದರೆ ಪಕ್ಕದಲ್ಲೇ ನಿಂತು, 'ಚಕ್ರದ ನಡುವೆ ಹೊಡೀಬೇಡಪ್ಪ' ಅಂತ ಹೇಳಿ. ಜೆಟ್ ಸದ್ದಿನಲ್ಲಿ ಅವನಿಗೆ ಮೊದಲ ಸಲ ಕೇಳಿಸುವುದಿಲ್ಲ. ಎರಡನೇ ಸಲ ಹೇಳಿ.